ಕಂದು ದೀಪದ ಅಧಿಕೃತ ಆಯ್ಕೆ

ಬಿಟರ್‌ಬ್ರಶ್ ಕೌಂಟಿಯಲ್ಲಿ, ಬೆಟ್ಟದ ಮೇಲೆ ದಾರಿ ತಪ್ಪಿದವರನ್ನು ಹುಡುಕಿ ತರುವ ಕೆಲಸ ಸ್ವಯಂಸೇವಕರದು. ಅವರು ಸ್ವಂತ ವಾಹನದಲ್ಲಿ, ಸ್ವಂತ ಪೆಟ್ರೋಲು ಸುಟ್ಟು, ಸ್ವಂತ ಹಗ್ಗ ಹೊತ್ತು, ಸ್ವಂತ ಬುತ್ತಿ ಕಟ್ಟಿಕೊಂಡು ಬರತಕ್ಕದ್ದು ಎಂದು ಕೌಂಟಿಯ ಕೈಪಿಡಿಯ ಮೂರನೇ ಪುಟದಲ್ಲಿ ಸ್ಪಷ್ಟವಾಗಿ ಮುದ್ರಿಸಲಾಗಿದೆ. ಸ್ವಂತ ಮಂಡಿಗಳನ್ನೂ ತರತಕ್ಕದ್ದು ಎಂದು ಬರೆದಿಲ್ಲ. ಅದು ಹೇಗೂ ಅರ್ಥವಾಗುತ್ತದೆ. ಕೌಂಟಿ ತನ್ನ ಕಡೆಯಿಂದ ಕೊಡುವುದು ಒಂದೇ ಒಂದು ವಸ್ತು, ಅನುಮತಿ. ಅದನ್ನೂ ಕೇಳಿದವರಿಗೆಲ್ಲ ಸುಮ್ಮನೆ ಕೊಟ್ಟುಬಿಡುವ ಪದ್ಧತಿ ಅಲ್ಲಿಲ್ಲ.

ಆರ್ಲಿಸ್ ಟೈಗನ್‌ಗೆ ಅರವತ್ತೊಂದು ವರ್ಷ. ವಾರದಲ್ಲಿ ಐದು ದಿನ ಶಾಲೆಯ ಬಸ್ಸು ಓಡಿಸುತ್ತಾಳೆ. ಬಸ್ಸಿನಲ್ಲಿ ಕೂತು ಅವಳು ನಿಲುಗಡೆ ದೀಪದ ಒಂದು ಗುಂಡಿ ಒತ್ತಿದರೆ ಸಾಕು, ಎರಡೂ ಕಡೆಯ ವಾಹನಗಳು ತೆಪ್ಪಗೆ ನಿಲ್ಲುತ್ತವೆ. ಕೌಂಟಿಯ ಆಯುಕ್ತರ ಕಾರೂ ನಿಲ್ಲುತ್ತದೆ. ಅದೇ ಆರ್ಲಿಸ್ ಶನಿವಾರ ಸೊಂಟದ ಪೇಜರ್ ಕೂಗಿತೆಂದು ತನ್ನ ಬೂದು ಬಣ್ಣದ ಹಳೆಯ ಕಾರಿನಲ್ಲಿ ಬೆಟ್ಟಕ್ಕೆ ಹೊರಟರೆ ಅವಳಿಗೆ ಯಾರೂ ಕ್ಯಾರೇ ಅನ್ನುವುದಿಲ್ಲ. ಹುಡುಕುವವರ ಪಟ್ಟಿಯಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಅದರಲ್ಲಿ ನಿಜವಾಗಿ ಬೆಟ್ಟ ಹತ್ತುವವರು ಮೂವರು. ಮೂವರಲ್ಲಿ ಒಬ್ಬ ಅರಿಜೋನಾಕ್ಕೆ ಮನೆ ಬದಲಾಯಿಸಿದ್ದ, ಇನ್ನೊಬ್ಬನಿಗೆ ಸೊಂಟದ ಶಸ್ತ್ರಚಿಕಿತ್ಸೆಯಾಗಿತ್ತು. ಉಳಿದವಳು ಆರ್ಲಿಸ್.

ಹತ್ತುವ ಕಾಲುದಾರಿ ಶುರುವಾಗುವುದು ಹೆದ್ದಾರಿಯ ಹದಿನೇಳನೇ ಮೈಲಿಯ ತಿರುವಿನಲ್ಲಿ. ವಾಹನ ನಿಲ್ಲಿಸಲು ಅಲ್ಲಿ ರಸ್ತೆಯ ಅಂಚು ಬಿಟ್ಟರೆ ಬೇರೆ ಜಾಗವಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು, ಮೇಲಿನಿಂದ ಮರದ ದಿಮ್ಮಿ ಹೊತ್ತ ಲಾರಿಗಳು. ಬೆಳಗಿನ ಮಂಜಿನಲ್ಲಿ ಬೂದು ಕಾರು ಮಂಜಿನ ಒಂದು ತುಂಡಿನಂತೆಯೇ ಕಾಣುತ್ತದೆ. ಕಳೆದ ಏಪ್ರಿಲ್‌ನಲ್ಲಿ ಆರ್ಲಿಸ್ ಕಾರಿನ ಬಾಗಿಲು ತೆರೆದು ಒಂದು ಕಾಲು ಹೊರಗಿಟ್ಟು, ಬೂಟಿನ ದಾರ ಬಿಗಿಯಲೆಂದು ಆ ಕಾಲನ್ನು ಒಳಗೆಳೆದುಕೊಂಡ ಕ್ಷಣದಲ್ಲಿ ಲಾರಿಯೊಂದು ಬಂದು ಬಾಗಿಲನ್ನು ಕಿತ್ತುಕೊಂಡು ಹೋಯಿತು. ಬಾಗಿಲು ಎರಡು ಮೈಲಿ ಕೆಳಗೆ ಸಿಕ್ಕಿತು. ಕಾಲು ಮಾತ್ರ ಅವಳ ಬಳಿಯೇ ಉಳಿಯಿತು.

ಗಾರ್ವಿನ್ ಅವಳ ಗಂಡ. ಮರ ಕೊಯ್ಯುವ ಕಾರ್ಖಾನೆಯಿಂದ ನಿವೃತ್ತನಾದವನು, ಮಾತು ಕಡಿಮೆ. ಅಂದು ಮಾತ್ರ ಬಾಗಿಲಿಲ್ಲದ ಕಾರನ್ನು ನೋಡುತ್ತಾ ಅಂಗಳದಲ್ಲಿ ಬಹಳ ಹೊತ್ತು ನಿಂತಿದ್ದು ಒಳಗೆ ಬಂದ.

"ಇನ್ನು ಆ ತಿರುವಿಗೆ ಹೋಗೋದಾದ್ರೆ ಗಾಡಿ ಮೇಲೆ ಒಂದು ಲೈಟ್ ಇಟ್ಕೊಂಡು ಹೋಗು. ಇಲ್ಲಾಂದ್ರೆ ಹೋಗ್ಲೇಬೇಡ."

"ನಾನು ಹೋಗ್ದಿದ್ರೆ ಯಾರು ಹತ್ತುತಾರೆ ಹೇಳು? ಡೆಲ್ಬರ್ಟಾ?"

ಡೆಲ್ಬರ್ಟ್ ಪೋಕ್ ಏಳು ವರ್ಷಗಳಿಂದ ಸ್ವಯಂಸೇವಕ. ಎರಡು ಹೆಗಲಿಗೆ ಎರಡು ರೇಡಿಯೊ, ಸೊಂಟಕ್ಕೆ ಆರು ಟಾರ್ಚು, ಎದೆಯ ಮೇಲೆ ಸ್ವತಃ ಹೊಲಿಸಿಕೊಂಡ ಬಿಲ್ಲೆ. ಈ ಏಳು ವರ್ಷಗಳಲ್ಲಿ ಅವನು ವಾಹನ ನಿಲ್ಲಿಸಿದ ಜಾಗ ಬಿಟ್ಟು ಮೇಲಕ್ಕೆ ಹೋದ ದಾಖಲೆಯಿಲ್ಲ.

"ಡೆಲ್ಬರ್ಟ್ ಹತ್ತಿದ್ರೆ ಅವನನ್ನ ಹುಡುಕೋಕೆ ಮತ್ತೆ ನೀನೇ ಹೋಗ್ಬೇಕು," ಗಾರ್ವಿನ್ ಹೇಳಿದ. "ಅದಕ್ಕೇ ಹೇಳ್ತಿರೋದು ಕಣೆ, ಲೈಟ್ ಹಾಕ್ಸು. ನಲವತ್ತು ವರ್ಷ ನಿನ್ ಜೊತೆ ಜಗಳ ಆಡಿ ಅಭ್ಯಾಸ ಆಗ್ಹೋಗಿದೆ. ಈ ವಯಸ್ಸಲ್ಲಿ ಹೊಸಬರನ್ನ ಎಲ್ಲಿ ಹುಡುಕ್ಲಿ?"

ಗಾರ್ವಿನ್‌ನ ಬಾಯಿಂದ ಪ್ರೀತಿ ಬರುವುದು ಹೀಗೆಯೇ, ಅದೂ ವರ್ಷಕ್ಕೊಮ್ಮೆ. ಆರ್ಲಿಸ್ ಮಾರನೇ ದಿನವೇ ಕೌಂಟಿ ಪೊಲೀಸರ ಮುಖ್ಯಸ್ಥರಾದ ಷೆರಿಫ್ ಅವರ ಕಚೇರಿಗೆ ಹೋಗಿ ಅರ್ಜಿ ನಮೂನೆ ಕೇಳಿದಳು. ಕಿಟಕಿಯ ಹಿಂದಿದ್ದ ಗುಮಾಸ್ತೆ ಪೆನ್ನು ಹಿಡಿದು ಕೇಳಿದಳು:

"ಯಾವ ಬಣ್ಣ?"

"ಕಾಣೋ ಬಣ್ಣ."

ಗುಮಾಸ್ತೆ ಪಟ್ಟಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದಳು. "ಹಾಗೊಂದು ಬಣ್ಣ ನಮ್ಮಲ್ಲಿಲ್ಲ ಮೇಡಂ."

ವಿಷಯ ಗಹನವಾದ್ದರಿಂದ 'ಸ್ವಯಂಸೇವಕರ ಸ್ವಂತ ವಾಹನಗಳ ಎಚ್ಚರಿಕೆ ದೀಪದ ಬಣ್ಣ ನಿರ್ಧಾರ ಉಪಸಮಿತಿ'ಯನ್ನು ರಚಿಸಲಾಯಿತು. ಅಧ್ಯಕ್ಷರು ಕೌಂಟಿ ಆಯುಕ್ತರಾದ ಥರ್ಲೋ ಬೀಸ್ಲಿ. ಸದಸ್ಯರು ಷೆರಿಫ್ ಸಾಹೇಬರು, ಅಗ್ನಿಶಾಮಕ ದಳದ ಮುಖ್ಯಸ್ಥರಾದ ಆಡ್ನಿ ರಸ್ಕ್, ಮತ್ತು ಮರಣ ಪರೀಕ್ಷಕರಾದ ಎಲ್ವುಡ್ ಪ್ರುಯಿಟ್. ಪ್ರುಯಿಟ್ ಅವರು ಊರಿನ ಏಕೈಕ ಅಂತ್ಯಸಂಸ್ಕಾರ ಮಳಿಗೆಯ ಮಾಲೀಕರೂ ಹೌದು. ಸತ್ತಿದ್ದಾರೆ ಎಂದು ಒಂದು ಕೈಯಿಂದ ಸಹಿ ಹಾಕಿ, ಇನ್ನೊಂದು ಕೈಯಿಂದ ಶವಪೆಟ್ಟಿಗೆಗಳ ಬೆಲೆಪಟ್ಟಿ ಕೊಡುವುದು ಕುಟುಂಬದವರಿಗೆ ಬಹಳ ಅನುಕೂಲ ಎಂದು ಎಲ್ಲರೂ ಒಪ್ಪುತ್ತಾರೆ. ದೀಪವನ್ನು ಬಳಸಬೇಕಾದವರು ಯಾರೂ ಸಮಿತಿಯಲ್ಲಿರಲಿಲ್ಲ. ಅವರು ಇದ್ದರೆ ತೀರ್ಮಾನ ಪಕ್ಷಪಾತದ್ದಾಗುತ್ತದೆ ಎಂದು ಬೀಸ್ಲಿ ಅವರು ಆರಂಭದಲ್ಲೇ ವಿವರಿಸಿದರು. ಆರ್ಲಿಸ್‌ಗೆ ಹಿಂದಿನ ಸಾಲಿನಲ್ಲಿ ಒಂದು ಮಡಚುವ ಕುರ್ಚಿ ಹಾಕಿಕೊಟ್ಟರು.

ಮೊದಲು ಕೆಂಪು ಬಣ್ಣ ಚರ್ಚೆಗೆ ಬಂತು.

"ಕೆಂಪು ನಮ್ಮದು," ಎಂದರು ರಸ್ಕ್. ಅಷ್ಟು ಹೇಳಿ ತೋಳು ಕಟ್ಟಿಕೊಂಡರು.

ನೀಲಿ ತಮ್ಮದೆಂದು ಷೆರಿಫ್ ಹೇಳಬೇಕಾಗಲಿಲ್ಲ. ಸುಮ್ಮನೆ ಒಮ್ಮೆ ಕೆಮ್ಮಿದರು. ನೇರಳೆ ಶವಯಾತ್ರೆಯದು. ಅದನ್ನು ಹುಡುಕುವವರಿಗೆ ಕೊಟ್ಟರೆ ಕಳೆದುಹೋದವರ ಮನೆಯವರು ಗಾಬರಿಯಾಗುತ್ತಾರೆ ಎಂದು ಪ್ರುಯಿಟ್ ಮೃದುವಾಗಿ ಹೇಳಿದರು. "ಗಾಬರಿಯಾಗೋದಕ್ಕೆ ಒಂದು ಸಮಯ ಅಂತ ಇರುತ್ತೆ. ಅದಕ್ಕಿಂತ ಮೊದಲೇ ಆಗ್ಬಾರದು." ಹಸಿರು ದೀಪ ಕೌಂಟಿಯ ತುರ್ತು ಕಾರ್ಯಾಚರಣೆ ವಾಹನದ್ದು. ಆ ವಾಹನ ಕೊಂಡ ದಿನದಿಂದ ಗ್ಯಾರೇಜು ಬಿಟ್ಟು ಹೊರಬಂದಿಲ್ಲವಾದರೂ ಅದರ ಹಕ್ಕು ಹಕ್ಕೇ. ಬಿಳಿ ಎಲ್ಲರ ಹೆಡ್‌ಲೈಟಿಗೂ ಸೇರಿದ್ದು, ಹಾಗಾಗಿ ಸಾರ್ವಜನಿಕ ಆಸ್ತಿ.

"ಹಳದಿ ಕೊಡಿ," ಹಿಂದಿನಿಂದ ಆರ್ಲಿಸ್ ಕೇಳಿದಳು. "ಹಿಮ ತೆಗೆಯೋ ಲಾರಿಗಿದೆ, ಅಂಚೆ ಹಂಚೋರಿಗಿದೆ. ನಂಗೂ ಒಂದು ಕೊಟ್ರೆ ಏನಾಗತ್ತೆ?"

ಬೀಸ್ಲಿ ಅವರ ಮುಖ ಗಂಭೀರವಾಯಿತು. ಕೆಟ್ಟು ನಿಂತ ವಾಹನಗಳನ್ನು ಎಳೆದೊಯ್ಯುವ ಹಳದಿ ದೀಪದ ಲಾರಿಗಳು ಆ ಕೌಂಟಿಯಲ್ಲಿ ನಾಲ್ಕಿದ್ದು, ನಾಲ್ಕೂ ಬೀಸ್ಲಿ ಅವರವೇ.

"ಆರ್ಲಿಸ್, ನಿಮ್ಮ ಮೇಲೆ ನನಗೆ ಗೌರವ ಇದೆ. ಆದ್ರೆ ಯೋಚನೆ ಮಾಡಿ. ಹಳದಿ ದೀಪ ನೋಡಿ ಜನ, ಓ ಬೀಸ್ಲಿ ಲಾರಿ ಬಂತು, ನಮ್ಮ ಕಾರು ಎಳ್ಕೊಂಡು ಹೋಗ್ತಾರೆ ಅಂತ ಕಾಯ್ತಾರೆ. ನೋಡಿದ್ರೆ ನೀವು ಹಗ್ಗ ಹಿಡ್ಕೊಂಡು ಬೆಟ್ಟ ಹತ್ತುತಾ ಇರ್ತೀರಿ. ಜನರಿಗೆ ಮೋಸ ಆಗಲ್ವಾ?"

ಗುಲಾಬಿಯನ್ನು ಯಾರೋ ಸೂಚಿಸಿದರು. ರಸ್ಕ್ ತೋಳು ಬಿಚ್ಚಿ ಮೇಜಿನ ಮೇಲಿಟ್ಟರು. "ಗುಲಾಬಿ ಅಂದ್ರೆ ಏನು? ನೀರು ಹಾಕಿದ ಕೆಂಪು. ನೀರು ಹಾಕೋದೂ ನಮ್ಮ ಇಲಾಖೆ ಕೆಲಸಾನೇ." ಗುಲಾಬಿಯನ್ನು ಕೈಬಿಡಲಾಯಿತು.

ಮೇ ತಿಂಗಳು ಮುಗಿಯುವಷ್ಟರಲ್ಲಿ ಕಾಮನಬಿಲ್ಲು ಖಾಲಿಯಾಗಿತ್ತು. ಅದರ ಹೊರಗೆ ಉಳಿದಿದ್ದು ಮೂರು, ಕಪ್ಪು, ಬೂದು, ಕಂದು. ಕಪ್ಪು ಬಣ್ಣದ ಬಗ್ಗೆ ಎಲ್ಲರಿಗೂ ಒಲವಿತ್ತು. ಆದರೆ ಶವವಾಹನದ ಬಣ್ಣವಾದ್ದರಿಂದ ಪ್ರುಯಿಟ್ ಒಪ್ಪಲಿಲ್ಲ. ಬೂದು ಬಣ್ಣ ಮಂಜಿನೊಡನೆ ಬೆರೆತು ಕಾಣುವುದಿಲ್ಲ ಎಂಬ ಸೂಕ್ಷ್ಮವನ್ನು ಷೆರಿಫ್ ಗುರುತಿಸಿದರು. ಸುರಕ್ಷತೆಯ ವಿಷಯದಲ್ಲಿ ಸಮಿತಿ ಎಂದೂ ರಾಜಿ ಮಾಡಿಕೊಂಡದ್ದಿಲ್ಲ. ಹೀಗಾಗಿ ಕಂದು ಬಣ್ಣ ಅವಿರೋಧವಾಗಿ ಆಯ್ಕೆಯಾಯಿತು.

"ಕಂದು ಬಣ್ಣದ ಬೆಳಕು ಅಂತ ಎಲ್ಲಾದ್ರೂ ಇದೆಯಾ?" ಆರ್ಲಿಸ್ ಕೇಳಿದಳು.

"ಅದೇ ಅದರ ಹೆಚ್ಚುಗಾರಿಕೆ," ಎಂದರು ಬೀಸ್ಲಿ. "ಬೇರೆ ಯಾರ ಹತ್ರಾನೂ ಇಲ್ಲ. ಗೊಂದಲದ ಪ್ರಶ್ನೆಯೇ ಬರಲ್ಲ."

ದೇವರ ದಯೆಯಿಂದ ಕಂದು ದೀಪಗಳು ಊರಿನಲ್ಲೇ ದಾಸ್ತಾನಿದ್ದವು. ಬೀಸ್ಲಿ ಅವರ ಭಾವಮೈದನ ಅಂಗಡಿಯಲ್ಲಿ, ಮೀನುಗಾಳ ಮತ್ತು ವಾಹನದ ಬಿಡಿಭಾಗಗಳ ನಡುವೆ, ಮಾರಾಟವಾಗದ ಹಳದಿ ದೀಪಗಳ ಇನ್ನೂರು ಡಬ್ಬಗಳು ಕಟ್ಟಿಗೆ ಒಲೆಯ ಪಕ್ಕದಲ್ಲಿ ಇಪ್ಪತ್ತು ಚಳಿಗಾಲ ಕಳೆದಿದ್ದವು. ಹೊಗೆ ಕುಡಿದು ಕುಡಿದು ಅವುಗಳ ಗಾಜು ತಾನಾಗಿಯೇ ಕಂದು ಬಣ್ಣಕ್ಕೆ ತಿರುಗಿತ್ತು. ಮೊದಲ ಮಾದರಿಯನ್ನು ಉರಿಸಿ ನೋಡಿದಾಗ ಅದರೊಳಗಿಂದ ಇನ್ನೂ ಒಂದಿಷ್ಟು ಹಳದಿ ಇಣುಕುತ್ತಿರುವುದು ಬೀಸ್ಲಿ ಅವರ ಕಣ್ಣಿಗೆ ಬಿತ್ತು. ಬಣ್ಣದ ಪರಿಶುದ್ಧತೆ ಕಾಪಾಡಲು, ಮನೆಯ ಜಗಲಿಯ ಹಲಗೆಗೆ ಬಳಿಯುವ ಕಂದು ಪೇಂಟನ್ನು ಗಾಜಿನ ಒಳಭಾಗಕ್ಕೆ ಎರಡು ಸಲ ಬಳಿಸಲಾಯಿತು. ಆಮೇಲೆ ಏನೂ ಇಣುಕಲಿಲ್ಲ.

ದೀಪ ಹೇಗೆ ಮಿನುಗಬೇಕು ಎಂಬುದು ಮುಂದಿನ ಪ್ರಶ್ನೆ. ಭಾವಮೈದ ನಲವತ್ತು ಬಗೆಯ ಮಿನುಗುಗಳನ್ನು ಒಂದೊಂದಾಗಿ ಪ್ರದರ್ಶಿಸಿದ. ಐದು ವಾರ ಹಿಡಿಯಿತು. ಸದಸ್ಯರು ಮೇಪಲ್ ಮರದ ಸಿಹಿ ಪಾಕ ಸವರಿದ ಬನ್ನು ತಿನ್ನುತ್ತಾ, ಕಾಫಿ ಹೀರುತ್ತಾ, ಕತ್ತು ಓರೆ ಮಾಡಿ ಕಂದು ಗಾಜನ್ನೇ ನೋಡುತ್ತಿದ್ದರು. ಎರಡು ಸಲ ಬೇಗ, ಒಂದು ಸಲ ನಿಧಾನ ಎಂಬ ಹದಿನೆಂಟನೇ ಬಗೆಯನ್ನು ರಸ್ಕ್ ಮೆಚ್ಚಿದರು. ಅದು ಉದ್ರೇಕಕಾರಿ ಎಂದು ಪ್ರುಯಿಟ್ ಆಕ್ಷೇಪಿಸಿದರು. ಕೊನೆಗೆ ಮೂವತ್ತೊಂದನೇ ಬಗೆ ಎಲ್ಲರಿಗೂ ಹಿಡಿಸಿತು. ಅಂದು ಪ್ಲಗ್ಗು ಸಿಕ್ಕಿಸಿರಲಿಲ್ಲ ಎಂದು ಆಮೇಲೆ ಗೊತ್ತಾಯಿತಾದರೂ, ತೀರ್ಮಾನ ಬದಲಿಸಲು ಕಾರಣವೇನೂ ಕಾಣಲಿಲ್ಲ.

ಜುಲೈನಲ್ಲಿ ಬಯಲು ಪರೀಕ್ಷೆ ನಡೆಯಿತು. ದೀಪವನ್ನು ಆರ್ಲಿಸ್‌ಳ ಕಾರಿನ ಮೇಲೆ ಕೂರಿಸಿ, ಸಮಿತಿ ಐನೂರು ಅಡಿ ದೂರದಲ್ಲಿ ಸಾಲಾಗಿ ನಿಂತು ದಿಟ್ಟಿಸಿತು. "ದೀಪದಿಂದ ಯಾವ ಚಾಲಕರ ಕಣ್ಣಿಗೂ ಕಿಂಚಿತ್ತೂ ತೊಂದರೆಯಾಗುವುದಿಲ್ಲ" ಎಂದು ವರದಿಯಲ್ಲಿ ದಾಖಲಾಯಿತು.

"ಕಾಣ್ತಾನೇ ಇಲ್ವಲ್ಲ!" ಆರ್ಲಿಸ್ ಕೂಗಿದಳು.

"ಹತ್ತಿರ ಬಂದು ನೋಡಿ," ಎಂದ ಭಾವಮೈದ.

ಅವಳು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದಳು. "ಈಗ್ಲೂ ಕಾಣ್ತಿಲ್ಲ."

"ಬಿಸಿ ತಾಗ್ತಿದೆ ತಾನೇ?"

"ತಾಗ್ತಿದೆ."

"ಮತ್ತೆ!"

ನಾಗರಿಕರ ದೂರನ್ನು ಕಡೆಗಣಿಸುವ ಅಭ್ಯಾಸ ಸಮಿತಿಗೆ ಇಲ್ಲವಾದ್ದರಿಂದ ಆಗಸ್ಟ್‌ನಲ್ಲಿ ಒಂದು ತಿದ್ದುಪಡಿ ಹೊರಬಿತ್ತು. ಅಂಚೆ ಕಚೇರಿ, ಕಿರಾಣಿ ಅಂಗಡಿ, ಗ್ರಂಥಾಲಯದ ಬಾಗಿಲುಗಳಿಗೆ ಅಂಟಿಸಿದ ಪ್ರಕಟಣೆ ಹೀಗಿತ್ತು:

"ಸಾರ್ವಜನಿಕರಿಗೆ ತಿಳಿಯಪಡಿಸುವುದೇನೆಂದರೆ, ಇನ್ನು ಮುಂದೆ ಶೋಧ ಸ್ವಯಂಸೇವಕರು ತಮ್ಮ ಸ್ವಂತ ವಾಹನದ ಮೇಲೆ ಸ್ವಂತ ಖರ್ಚಿನಲ್ಲಿ ಕಂದು ದೀಪವನ್ನು ಕಡ್ಡಾಯವಾಗಿ ಅಳವಡಿಸತಕ್ಕದ್ದು. ದೀಪ ಉರಿಯುತ್ತಿರುವ ಸಂಗತಿ ಎದುರು ಬರುವ ಚಾಲಕರ ಗಮನಕ್ಕೆ ಬಾರದಿರುವ ಸಾಧ್ಯತೆ ಇರುವುದರಿಂದ, ಪ್ರತಿ ದೀಪಕ್ಕೆ ಒಬ್ಬರಂತೆ ದೀಪಸೂಚಕರು ರಸ್ತೆಯ ಅಂಚಿನಲ್ಲಿ ನಿಂತು, 'ಎಚ್ಚರಿಕೆ: ದೀಪ ಉರಿಯುತ್ತಿದೆ' ಎಂಬ ಫಲಕವನ್ನು ಎರಡೂ ಕೈಗಳಲ್ಲಿ ಹಿಡಿದಿರತಕ್ಕದ್ದು. ಫಲಕವು ಕಂದು ಬಣ್ಣದ್ದಾಗಿರತಕ್ಕದ್ದು. ದೀಪಸೂಚಕರು ಬೇರಾವ ಬಣ್ಣವನ್ನೂ ಧರಿಸತಕ್ಕದ್ದಲ್ಲ."

ಡೆಲ್ಬರ್ಟ್ ಪೋಕ್‌ಗೆ ಹಬ್ಬವೋ ಹಬ್ಬ. ಒಂದೇ ವಾರದಲ್ಲಿ ತನ್ನ ಪಿಕಪ್‌ಗೆ ಹನ್ನೊಂದು ಕಂದು ದೀಪ ಹಾಕಿಸಿದ. ಹನ್ನೊಂದೂ ಉರಿದು ಪ್ರತಿ ಸಲವೂ ಅರ್ಧ ಗಂಟೆಯಲ್ಲಿ ಬ್ಯಾಟರಿ ಸಾಯುತ್ತಿತ್ತು. ಬೀಸ್ಲಿ ಅವರ ಲಾರಿ ಬಂದು ಎಳೆದುಕೊಂಡು ಹೋಗುತ್ತಿತ್ತು. ಹನ್ನೊಂದು ದೀಪಕ್ಕೆ ಹನ್ನೊಂದು ದೀಪಸೂಚಕರು ಬೇಕೆಂಬ ನಿಯಮದಂತೆ ಅವನು ತನ್ನ ಚರ್ಚಿನ ಗಾಯಕ ವೃಂದವನ್ನು ಕೇಳಿಕೊಂಡಿದ್ದ.

ಆರ್ಲಿಸ್ ಒಂದೇ ಒಂದು ದೀಪ ಕೊಂಡಳು. ಅದನ್ನು ಅಡುಗೆಮನೆಯ ಮೇಜಿನ ಮೇಲಿಟ್ಟು ಗಂಡ ಹೆಂಡತಿ ಇಬ್ಬರೂ ನೋಡುತ್ತಾ ಕೂತರು.

"ನೀನು ಕೇಳಿದ್ದು ಇದನ್ನಲ್ಲ," ಗಾರ್ವಿನ್ ಹೇಳಿದ.

"ಲೈಟ್ ಬೇಕು ಅಂದೆ. ಲೈಟ್ ಕೊಟ್ರು."

"ಬೋರ್ಡು ಯಾರು ಹಿಡೀತಾರೆ?"

"ಯಾರನ್ನಾದ್ರೂ ಕೇಳ್ತೀನಿ."

"ಯಾರನ್ನ? ಆ ತಿರುವಲ್ಲಿ ನಿಂತ್ಕೋ ಅಂತ ಯಾರನ್ನ ಕೇಳ್ತೀಯ?" ಗಾರ್ವಿನ್ ಎದ್ದು ಕಾಫಿ ಬಟ್ಟಲು ತೊಳೆದಿಟ್ಟ. "ನಾನೇ ಹಿಡೀತೀನಿ ಬಿಡು. ನೀನು ನಿಲ್ಲೋದಕ್ಕಿಂತ ನಾನು ನಿಲ್ಲೋದು ವಾಸಿ."

ಆರ್ಲಿಸ್ ಬೇಡ ಅನ್ನಬೇಕಿತ್ತು. ಎಷ್ಟೋ ಸಲ ಆಮೇಲೆ ಅದನ್ನೇ ನೆನೆದಳು. ಆದರೆ ಬೇಡ ಅಂದರೆ ದೀಪವಿಲ್ಲ, ದೀಪವಿಲ್ಲದಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲ, ಹೆಸರಿಲ್ಲದಿದ್ದರೆ ಬೆಟ್ಟ ಹತ್ತುವವರು ಯಾರೂ ಇಲ್ಲ. ದೀಪವನ್ನು ಎತ್ತಿಕೊಂಡು ಕಾರಿನ ಬಳಿ ಹೋದಳು.

ಸೆಪ್ಟೆಂಬರ್ ಕೊನೆಯ ವಾರ ಎಪ್ಪತ್ತೊಂಬತ್ತು ವರ್ಷದ ಲವೀನ್ ಮ್ಯಾಕ್ಲಿ ಕಾಡಿಗೆ ಹಕಲ್‌ಬೆರಿ ಹಣ್ಣು ಕೀಳಲು ಹೋದವಳು ರಾತ್ರಿ ಮನೆಗೆ ಬರಲಿಲ್ಲ. ಎಲ್ಲಿಗೆ ಹೋಗಿದ್ದಾಳೆ ಎಂದು ಮಗಳನ್ನು ಕೇಳಿದರೆ ಅವಳು ಬಾಯಿ ಬಿಡಲಿಲ್ಲ. ಆ ಕೌಂಟಿಯಲ್ಲಿ ಹಣ್ಣು ಸಿಗುವ ಜಾಗವನ್ನು ತಾಯಿ ಮಗಳಿಗೆ ಹೇಳುವುದು ಸಾಯುವ ಕಾಲಕ್ಕೆ. ಮಗಳು ಷೆರಿಫ್‌ಗೆ ಹೇಳುವುದು ಯಾವ ಕಾಲಕ್ಕೂ ಇಲ್ಲ.

"ಹದಿನೇಳನೇ ಮೈಲಿಯಿಂದ ಮೇಲಕ್ಕೆ," ಎಂದಳು ಮಗಳು. "ಅದಕ್ಕಿಂತ ಹೆಚ್ಚು ಕೇಳ್ಬೇಡಿ."

"ನಿಮ್ಮಮ್ಮನ ಜೀವದ ಪ್ರಶ್ನೆ ಕಣಮ್ಮ," ಎಂದಳು ಆರ್ಲಿಸ್.

"ಅಮ್ಮನೂ ಇದನ್ನೇ ಹೇಳ್ತಿದ್ಲು. ಜೀವ ಹೋದ್ರೂ ಜಾಗ ಹೇಳ್ಬೇಡ ಅಂತ."

ಬೆಳಿಗ್ಗೆ ಎಂಟೂವರೆಗೆ ತಿರುವಿನಲ್ಲಿ ಮಂಜು ಗೋಡೆ ಕಟ್ಟಿದಂತೆ ನಿಂತಿತ್ತು. ಆರ್ಲಿಸ್ ಕಾರನ್ನು ಅಂಚಿಗೆ ಒತ್ತಿ ನಿಲ್ಲಿಸಿ ಕಂದು ದೀಪದ ಗುಂಡಿ ಒತ್ತಿದಳು. ಗಾರ್ವಿನ್ ಕಂದು ಕೋಟು ತೊಟ್ಟು, ಕಂದು ಫಲಕ ಹಿಡಿದು, ಹತ್ತು ಹೆಜ್ಜೆ ಮೇಲೆ ನಿಂತ. ಡೆಲ್ಬರ್ಟ್ ಕೆಳಗೆ, ಅಗಲವಾದ ಜಾಗದಲ್ಲಿ, ರೇಡಿಯೊದಲ್ಲಿ ಎಲ್ಲವನ್ನೂ ಎಲ್ಲರಿಗೂ ಹೇಳುತ್ತಿದ್ದ.

"ಹುಷಾರು ಮಾರಾಯ," ಎಂದಳು ಆರ್ಲಿಸ್.

"ಹತ್ತು ಹತ್ತು. ಆ ಮುದುಕಿ ಕಾಯ್ತಿರ್ತಾಳೆ."

ಆ ಮುದುಕಿ ಕಾಯುತ್ತಿರಲಿಲ್ಲ. ಆರ್ಲಿಸ್ ಕಾಲು ಗಂಟೆ ಹತ್ತುವಷ್ಟರಲ್ಲಿ ಲವೀನ್ ಒಂದು ಬಕೆಟ್ ತುಂಬ ಹಣ್ಣು ಹೊತ್ತು, ನೇರಳೆ ಬಾಯಿ ಮಾಡಿಕೊಂಡು, ತಾನೇ ಇಳಿದು ಬರುತ್ತಿದ್ದಳು. ದಾರಿ ತಪ್ಪಿರಲಿಲ್ಲವಂತೆ. ಪಕ್ಕದ ಕೌಂಟಿಯ ಯಾರೋ ಅತ್ತ ಸುಳಿದದ್ದರಿಂದ ಅವರು ಹೋಗುವ ತನಕ ಪೊದೆಯಲ್ಲಿ ಅಡಗಿ ಕೂತಿದ್ದಳಂತೆ. ಇಬ್ಬರೂ ಒಟ್ಟಿಗೆ ಇಳಿದರು. ತಿರುವಿನ ಹತ್ತಿರ ಬಂದಾಗ ಮಂಜಿನೊಳಗಿಂದ ಗಾರ್ವಿನ್‌ನ ಫಲಕ ಕಂಡಿತು. ಲವೀನ್ ಕಣ್ಣು ಕಿರಿದು ಮಾಡಿ ಓದಿದಳು.

"ಎಲ್ಲಪ್ಪಾ ದೀಪ?"

"ಕಾರಿನ ಮೇಲಿದೆ," ಎಂದ ಗಾರ್ವಿನ್.

"ನಂಗೇನೂ ಕಾಣ್ತಿಲ್ವಲ್ಲೋ."

"ಅದು ಕಂದು ಬಣ್ಣದ್ದು ಲವೀನ್."

"ಓ ಹಾಗಾ," ಎಂದಳು ಲವೀನ್, ಬಕೆಟ್ಟನ್ನು ಇನ್ನೊಂದು ಕೈಗೆ ಬದಲಾಯಿಸುತ್ತಾ.

ಅಷ್ಟರಲ್ಲಿ ಮೇಲಿನಿಂದ ದಿಮ್ಮಿ ಲಾರಿ ಬಂತು. ಚಾಲಕ ಒಳ್ಳೆಯವನು, ನಿಯಮ ಪಾಲಿಸುವವನು. ಫಲಕ ಓದಿದ, ವೇಗ ಇಳಿಸಿದ. ಆಮೇಲೆ, ಹೇಳಿದ್ದಾರಲ್ಲ ಎಂದು, ಉರಿಯುತ್ತಿರುವ ದೀಪ ಎಲ್ಲಿದೆಯೆಂದು ಎಡಕ್ಕೆ ನೋಡಿದ, ಬಲಕ್ಕೆ ನೋಡಿದ. ದೀಪ ಹುಡುಕುತ್ತಿದ್ದ ಅವನ ಕಣ್ಣಿಗೆ ಗಾರ್ವಿನ್ ಬೀಳಲಿಲ್ಲ. ಲಾರಿಯ ಮುಂಭಾಗದ ಮೂಲೆ ಗಾರ್ವಿನ್‌ನನ್ನು ತಾಗಿ ಇಳಿಜಾರಿಗೆ ಎಸೆಯಿತು.

ಆರ್ಲಿಸ್ ಕಿರುಚಿದ್ದು ಡೆಲ್ಬರ್ಟ್‌ನ ಎರಡೂ ರೇಡಿಯೊದಲ್ಲಿ ಕೇಳಿಸಿತಂತೆ. ಅವಳು ಹಗ್ಗವನ್ನು ಕಾರಿನ ಕೊಕ್ಕೆಗೆ ಬಿಗಿದು ಒಬ್ಬಳೇ ಇಳಿದಳು. ಮೂವತ್ತು ಅಡಿ ಕೆಳಗೆ ಗಾರ್ವಿನ್ ಎರಡೂ ಕೈಯಲ್ಲಿ ಫಲಕ ಹಿಡಿದೇ ಬಿದ್ದಿದ್ದ. ಬಲಗಾಲು ಎರಡು ಕಡೆ ಮುರಿದಿತ್ತು, ಸೊಂಟದ ಮೂಳೆ ಸೀಳಿತ್ತು. ಕೈಪಿಡಿಯ ಪ್ರಕಾರ ಇದು ಶೋಧ ಕಾರ್ಯಾಚರಣೆ ಆಗುವುದಿಲ್ಲ, ಏಕೆಂದರೆ ಗಾರ್ವಿನ್ ಎಲ್ಲಿದ್ದಾನೆಂದು ಎಲ್ಲರಿಗೂ ಗೊತ್ತಿದೆ ಎಂದು ಡೆಲ್ಬರ್ಟ್ ರೇಡಿಯೊದಲ್ಲಿ ಕೂಗಿ ಹೇಳಿದ. ಲಾರಿ ಚಾಲಕ ಅಳುತ್ತಾ ಹಗ್ಗ ಎಳೆದ. ಎಪ್ಪತ್ತೊಂಬತ್ತು ವರ್ಷದ ಲವೀನ್ ಬಕೆಟ್ ಕೆಳಗಿಟ್ಟು ಹಗ್ಗ ಎಳೆದಳು.

ಅಕ್ಟೋಬರ್‌ನಲ್ಲಿ ಉಪಸಮಿತಿ ಸೇರಿ ಘಟನೆಯನ್ನು ಕೂಲಂಕಷವಾಗಿ ಪರಿಶೀಲಿಸಿತು. ದೀಪಕ್ಕೆ ಯಾವ ಹಾನಿಯೂ ಆಗಿಲ್ಲವೆಂದು ತಿಳಿದು ಸದಸ್ಯರು ಸಮಾಧಾನಪಟ್ಟರು. ಘಟನೆಯ ವೇಳೆ ದೀಪ ಉರಿಯುತ್ತಿತ್ತೇ ಎಂದು ಕೇಳಲಾಯಿತು. ಉರಿಯುತ್ತಿತ್ತು ಎಂದು ಡೆಲ್ಬರ್ಟ್ ಪ್ರಮಾಣ ಮಾಡಿ ಹೇಳಿದ. ಲಾರಿ ಚಾಲಕ ಟೋಪಿಯನ್ನು ಕೈಯಲ್ಲಿ ಹಿಸುಕುತ್ತಾ ಎದ್ದು ನಿಂತ.

"ಬೋರ್ಡ್ ಇಲ್ದಿದ್ರೆ ನಾನು ರಸ್ತೆ ನೋಡ್ತಿದ್ದೆ ಸಾರ್. ಬೋರ್ಡ್ ಇತ್ತು, ಅದಕ್ಕೆ ದೀಪ ಹುಡುಕ್ತಾ ಇದ್ದೆ."

"ಅಂದ್ರೆ ಫಲಕ ಕೆಲಸ ಮಾಡಿದೆ," ಎಂದರು ಬೀಸ್ಲಿ, ಬರೆದುಕೊಳ್ಳುತ್ತಾ.

ಆರ್ಲಿಸ್ ಮಡಚುವ ಕುರ್ಚಿಯಿಂದ ಎದ್ದಳು.

"ನನ್ ಗಂಡ ಆಸ್ಪತ್ರೇಲಿ ಮಲಗಿದಾನೆ. ಆ ದೀಪ ಯಾರಿಗೂ ಕಾಣ್ಸಲ್ಲ. ನಿಮಗೂ ಕಾಣ್ಸಿಲ್ಲ. ಐನೂರು ಅಡಿ ದೂರದಲ್ಲಿ ನಾಲ್ಕು ಜನ ನಿಂತಿದ್ರಲ್ಲ, ಒಬ್ರಿಗಾದ್ರೂ ಕಾಣ್ಸಿತ್ತಾ? ಎದೆ ಮುಟ್ಕೊಂಡು ಹೇಳಿ!"

ಪ್ರುಯಿಟ್ ಅವರು ಕರವಸ್ತ್ರ ತೆಗೆದು ಅವಳ ಕಡೆ ಚಾಚಿದರು. ದುಃಖದಲ್ಲಿರುವವರ ಜೊತೆ ಹೇಗೆ ನಡೆದುಕೊಳ್ಳಬೇಕೆಂದು ಅವರಿಗೆ ಚೆನ್ನಾಗಿ ಗೊತ್ತು.

"ನಿಮ್ಮ ನೋವು ನಮಗೆ ಅರ್ಥ ಆಗುತ್ತೆ ಆರ್ಲಿಸ್," ಬೀಸ್ಲಿ ಹೇಳಿದರು. "ದೀಪ ಬೇಡ ಅಂದ್ರೆ ವಾಪಸ್ ಕೊಡಿ, ಯಾರೂ ಬಲವಂತ ಮಾಡಲ್ಲ. ಪಟ್ಟಿಯಿಂದ ನಿಮ್ಮ ಹೆಸರು ತೆಗೀತೀವಿ, ಅಷ್ಟೇ."

ಆಗ ಅವಳ ಸೊಂಟದ ಪೇಜರ್ ಕೂಗಿತು. ಡೆಲ್ಬರ್ಟ್‌ನ ಎರಡು ಪೇಜರ್‌ಗಳೂ ಕೂಗಿದವು. ಎಲ್ಕ್ ಜಿಂಕೆಯ ಬೇಟೆಗೆ ಹೋಗಿದ್ದ ತಂದೆ ಮಗಳಲ್ಲಿ ಮಗಳು ಮಾತ್ರ ರಸ್ತೆಗೆ ಬಂದಿದ್ದಳು. ಆರ್ಲಿಸ್ ನಿಂತಲ್ಲೇ ಪೇಜರ್ ಓದಿದಳು. ದೀಪ ಉಳಿಸಿಕೊಳ್ಳುವ ಒಪ್ಪಿಗೆಯ ಕಾಗದವನ್ನು ಬೀಸ್ಲಿ ಅವಳ ಕಡೆ ಸರಿಸಿದರು. ಅವಳು ಸಹಿ ಹಾಕಿ ಹೊರಟಳು. ಅಂದು ಫಲಕವನ್ನು ಲಾರಿ ಚಾಲಕನೇ ಹಿಡಿದ.

ಸಮಿತಿ ಕೈಕಟ್ಟಿ ಕೂರಲಿಲ್ಲ. ಫಲಕದಲ್ಲಿ 'ಎಚ್ಚರಿಕೆ: ದೀಪ ಉರಿಯುತ್ತಿದೆ' ಎಂಬುದರ ಕೆಳಗೆ 'ದಯವಿಟ್ಟು ಹುಡುಕಬೇಡಿ' ಎಂಬ ಎರಡನೇ ಸಾಲನ್ನು ಸೇರಿಸಲಾಯಿತು. ಇನ್ನು ಮುಂದೆ ಪ್ರತಿ ಕಾರ್ಯಾಚರಣೆಯಲ್ಲೂ ಸಮಿತಿಯ ಒಬ್ಬ ಸದಸ್ಯರು ಖುದ್ದು ಬಂದು ಬಣ್ಣದ ಉಲ್ಲಂಘನೆ ಆಗದಂತೆ ನೋಡಿಕೊಳ್ಳತಕ್ಕದ್ದೆಂದೂ ತೀರ್ಮಾನವಾಯಿತು. ಪಕ್ಕದ ಎರಡು ಕೌಂಟಿಗಳಿಂದ ವಿಚಾರಣೆಯ ಪತ್ರಗಳು ಬಂದವು. ಭಾವಮೈದ ಇನ್ನಷ್ಟು ಹಳೆಯ ದೀಪಗಳನ್ನು ತರಿಸಿ ಒಲೆಯ ಪಕ್ಕದಲ್ಲಿಟ್ಟ.

ಗಾರ್ವಿನ್ ಗಾಲಿಕುರ್ಚಿಯಲ್ಲಿ ಮನೆಗೆ ಬಂದ. ನವೆಂಬರ್ ಎರಡನೇ ಶನಿವಾರ ಮತ್ತೆ ಪೇಜರ್ ಕೂಗಿದಾಗ ಆರ್ಲಿಸ್ ಅಡುಗೆಮನೆಯಲ್ಲಿ ನಿಂತು ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದಳು. ಲಾರಿ ಚಾಲಕ ಬೇರೆ ಊರಿಗೆ ಹೋಗಿದ್ದ. ಉಳಿದವರಿಗೆಲ್ಲ ಅಂದು ಏನೋ ಕೆಲಸವಿತ್ತು.

"ಯಾರು ಕಳೆದೋಗಿರೋದು?" ಗಾರ್ವಿನ್ ಕೇಳಿದ.

"ಒಬ್ಬ ಹುಡುಗ. ಹತ್ತೊಂಬತ್ತು ವರ್ಷವಂತೆ. ಜಾಕೆಟ್ ಹಾಕ್ಕೊಂಡಿಲ್ಲ."

"ನನ್ ಕೋಟು ಕೊಡು. ಕೂತ್ಕೊಂಡೇ ಹಿಡೀತೀನಿ."

"ಬೇಡ ಗಾರ್ವಿನ್." ಈ ಸಲ ಅವಳು ಅಂದಳು.

"ಲಾರಿ ಮೊದಲೇ ಒಂದು ಸಲ ಹೊಡ್ದಾಗಿದೆ. ಪ್ರತಿ ಸಲ ನನ್ನನ್ನೇ ಹುಡ್ಕೊಂಡು ಬರತ್ತಾ? ಕೋಟು ಕೊಡು ಅಂದ್ನಲ್ಲ."

ತಿರುವಿನಲ್ಲಿ ಮಂಜು ಮೊಣಕಾಲಿನಿಂದ ಮೇಲೆ ಏನೂ ತೋರಿಸುತ್ತಿರಲಿಲ್ಲ. ಆರ್ಲಿಸ್ ಗಾಲಿಕುರ್ಚಿಯನ್ನು ಬಂಡೆಗೆ ಆದಷ್ಟು ಒತ್ತಿ ನಿಲ್ಲಿಸಿ, ಗಾಲಿಗಳ ಹಿಂದೆ ಕಲ್ಲಿಟ್ಟಳು. ಅಂದಿನ ತಪಾಸಣೆ ಆಡ್ನಿ ರಸ್ಕ್ ಅವರದು. ತಮ್ಮ ಕೆಂಪು ದೀಪದ ವಾಹನವನ್ನು, ಬೆಂಕಿ ಬಿದ್ದಿಲ್ಲವಾದ್ದರಿಂದ ದೀಪ ಆರಿಸಿ, ಅರ್ಧ ಮೈಲಿ ಕೆಳಗೆ ಸುರಕ್ಷಿತ ಜಾಗದಲ್ಲಿ ಬಿಟ್ಟು ನಡೆದು ಬಂದಿದ್ದರು. ಕಾರಿನ ಸುತ್ತ ಒಂದು ಸುತ್ತು ಬಂದರು, ಫಲಕ ಓದಿದರು, ತಲೆಯಾಡಿಸಿದರು. ಆಮೇಲೆ ಗಾಲಿಕುರ್ಚಿಯ ಬಳಿ ಬಗ್ಗಿ ಟಾರ್ಚು ಬಿಟ್ಟರು. ಎರಡೂ ಗಾಲಿಗಳ ಕಡ್ಡಿಗಳ ನಡುವೆ ಬೆಳಕು ಪ್ರತಿಫಲಿಸುವ ಎರಡು ಬಿಲ್ಲೆಗಳು ಕೆಂಡದಂತೆ ಕೆಂಪಗೆ ಹೊಳೆದವು. ಆ ಇಡೀ ತಿರುವಿನಲ್ಲಿ ಕಣ್ಣಿಗೆ ಕಾಣುತ್ತಿದ್ದುದು ಅವೆರಡೇ.

"ಗಾರ್ವಿನ್," ರಸ್ಕ್ ಅವರು ಮುಜುಗರದಿಂದ ಹೇಳಿದರು, "ಇದು ಕೆಂಪು."

"ಆಸ್ಪತ್ರೆಯವರು ಕೊಟ್ಟಾಗ್ಲೇ ಇತ್ತು ಸಾರ್. ನಾನು ಗಮನಿಸ್ಲಿಲ್ಲ."

"ನಿಮ್ಮ ತಪ್ಪಲ್ಲ ಬಿಡಿ. ಆದ್ರೆ ಇವತ್ತು ನಿಮಗೆ ಬಿಟ್ರೆ ನಾಳೆ ಎಲ್ಲರಿಗೂ ಬಿಡ್ಬೇಕಾಗುತ್ತೆ."

"ಹೌದು ಹೌದು. ಅದು ಸರಿಯೇ."

ರಸ್ಕ್ ಜೇಬಿನಿಂದ ಸಣ್ಣ ಚಾಕು ತೆಗೆದು ಮಂಡಿಯೂರಿದರು. ತುಂಬ ನಾಜೂಕಾಗಿ, ಗಾಲಿಗೆ ಗೀರು ಬೀಳದಂತೆ, ಬಿಲ್ಲೆಗಳನ್ನು ಒಂದೊಂದಾಗಿ ಎಬ್ಬಿಸಿದರು. ಅವರ ಕೈಗೆ ಅಡ್ಡ ಬರದಿರಲೆಂದು ಗಾರ್ವಿನ್ ತನ್ನ ಮುರಿದ ಕಾಲನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟುಕೊಂಡ. ಬಿಲ್ಲೆಗಳನ್ನು ರಸ್ಕ್ ಕಾಗದದ ಲಕೋಟೆಗೆ ಹಾಕಿ, ಮನೆಗೆ ಹೋಗುವಾಗ ಮರೆಯದೆ ತೆಗೆದುಕೊಂಡು ಹೋಗಿ ಎಂದರು. ಗಾರ್ವಿನ್ ಧನ್ಯವಾದ ಹೇಳಿದ.

ಆರ್ಲಿಸ್ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಮೇಲೆ ಎಲ್ಲೋ ಜಾಕೆಟ್ ಇಲ್ಲದ ಹುಡುಗನಿದ್ದ. ದೂರದಲ್ಲಿ, ಬೆಟ್ಟದ ಮೇಲುಗಡೆ, ದಿಮ್ಮಿ ಲಾರಿಯೊಂದು ಗೇರು ಬದಲಿಸುವ ಸದ್ದಾಯಿತು. ಗಾರ್ವಿನ್ ಬೆನ್ನು ನೆಟ್ಟಗೆ ಮಾಡಿ ಫಲಕವನ್ನು ಎತ್ತಿ ಹಿಡಿದ.

ಅವಳು ಕಾರಿನ ಮೇಲಿನ ದೀಪದ ಗುಂಡಿ ಒತ್ತಿ, ಕೈಗವಸು ತೆಗೆದು, ಗಾಜಿನ ಮೇಲೆ ಅಂಗೈ ಇಟ್ಟು ಕಾದಳು. ಸ್ವಲ್ಪ ಹೊತ್ತಿಗೆ ಬಿಸಿ ತಾಗಿತು. ರಸ್ಕ್ ಅವರು ಚಾಚಿ ಹಿಡಿದ ಕಾಗದದಲ್ಲಿ ಆರ್ಲಿಸ್ 'ದೀಪ ಉರಿಯುತ್ತಿದೆ' ಎಂಬ ಸಾಲಿನ ಮುಂದೆ ಗುರುತು ಹಾಕಿ, ಸಹಿ ಮಾಡಿ, ಹಿಂತಿರುಗಿ ನೋಡದೆ ಬೆಟ್ಟ ಹತ್ತತೊಡಗಿದಳು.